ತೋಟದ ಮಂಗಗಳು ಇನ್ನೂ ಏಕೆ ಮನುಷ್ಯರಾಗಿಲ್ಲ? ಅಪ್ಪಯ್ಯನ ಪ್ರಶ್ನೆಗೆ ಉತ್ತರ ಬೇಕಾಗಿದೆ

ಪ್ರಶ್ನೆ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹದಿನೈದು ದಿನಗಳಿಂದ ಒಂದು ವಾದ ನಡೆಯುತ್ತಿದೆ. ವಾದದ ಎರಡೂ ಕಡೆಯವರು ನನಗೆ ಬಹಳ ಬೇಕಾದವರಾದ್ದರಿಂದ ಅದನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ಒಂದು ಕಡೆ ಎಂಬತ್ತೊಂದು ವರ್ಷದ ನನ್ನ ಅಪ್ಪಯ್ಯ. ಇನ್ನೊಂದು ಕಡೆ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು.

ಎಲ್ಲವೂ ಶುರುವಾದದ್ದು ಒಂದು ಹಳೆಯ ಪುಸ್ತಕದಿಂದ. ಮಗಳು ಓದುವುದು ಕೇಂದ್ರ ಪಠ್ಯಕ್ರಮದ ಶಾಲೆಯಲ್ಲಿ. ಅವಳ ದೊಡ್ಡಪ್ಪನ ಮಗಳು ಓದಿ ಬಿಟ್ಟ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಎರಡೂ ಸೇರಿದ ಅಧ್ಯಾಯವಿದೆ. 2023ರಲ್ಲಿ ಬಂದ ಎನ್‌ಸಿಇಆರ್‌ಟಿಯ ಹೊಸ ಪುಸ್ತಕದಲ್ಲಿ ಅನುವಂಶೀಯತೆ ಉಳಿದಿದೆ, ಜೀವವಿಕಾಸ ಇಲ್ಲ. ಪುಸ್ತಕದಿಂದ ತೆಗೆದದ್ದನ್ನೇ ಮೊದಲು ಓದಬೇಕೆನ್ನುವುದು ಆ ವಯಸ್ಸಿನ ಮಕ್ಕಳ ಸ್ವಭಾವ. ಅವಳು ಜಗಲಿಯಲ್ಲಿ ಕುಳಿತು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು, ಪಕ್ಕದಲ್ಲೇ ಅಡಿಕೆ ಸುಲಿಯುತ್ತಿದ್ದ ಅಪ್ಪಯ್ಯ ಮೆಟ್ಟುಗತ್ತಿಯನ್ನು ಬದಿಗಿಟ್ಟು ಹೀಗೆ ಕೇಳಿದರು: "ಮಂಗನಿಂದ ಮನುಷ್ಯ ಆದದ್ದು ನಿಜವಾದರೆ, ನನ್ನ ಅಜ್ಜನ ಕಾಲದಿಂದ ನಮ್ಮ ತೋಟದ ಬಾಳೆಗೊನೆ ತಿನ್ನುತ್ತಿರುವ ಈ ಮಂಗಗಳಲ್ಲಿ ಒಂದಾದರೂ ಇಷ್ಟು ಹೊತ್ತಿಗೆ ಮನುಷ್ಯನಾಗಿ ಅಡಿಕೆ ಕೊನೆ ಕೊಯ್ಯಲು ಬರಬೇಕಿತ್ತಲ್ಲ? ಕೊನೆಗಾರರು ಸಿಗದೆ ನಾವು ಎಷ್ಟು ಕಷ್ಟಪಡುತ್ತಿದ್ದೇವೆ!"

ಮಗಳಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮರುದಿನ ಕೊಟ್ಟಿಗೆಯಲ್ಲಿ ಗಿಡ್ಡ ಹಸು ಕರು ಹಾಕಿತು. ಅಪ್ಪಯ್ಯ ಅವಳನ್ನು ಕರೆದು, ಕರು ನೆಲಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ಕೆಚ್ಚಲಿಗೆ ಹಾಲು ಇಳಿಯುವುದನ್ನು ತೋರಿಸಿ, "ಕಟ್ಟಿದವನಿಲ್ಲದೆ ಮನೆ ಎದ್ದು ನಿಲ್ಲುವುದಿಲ್ಲ ಮಗಾ" ಎಂದರು. ಅವಳು, "ಅಷ್ಟು ಚೆನ್ನಾಗಿ ಕಟ್ಟಿದವನು ನಿಮ್ಮ ಸೊಂಟವನ್ನು ಹೀಗೇಕೆ ಕಟ್ಟಿದ ಅಜ್ಜಯ್ಯ? ಅಮ್ಮನ ಬುದ್ಧಿಹಲ್ಲಿಗೆ ದವಡೆಯಲ್ಲಿ ಜಾಗವನ್ನೇ ಬಿಡಲಿಲ್ಲವಲ್ಲ, ಅದೇಕೆ?" ಎಂದು ಕೇಳಿದಳು. ತಮ್ಮ ಸೊಂಟ ಅರವತ್ತು ವರ್ಷ ತೋಟಕ್ಕೆ ಗೊಬ್ಬರ ಹೊತ್ತದ್ದರಿಂದ ಹೋಯಿತೆಂದೂ ಅದಕ್ಕೆ ದೇವರನ್ನು ದೂರಬಾರದೆಂದೂ ಅಪ್ಪಯ್ಯ ಹೇಳಿದರು.

ನಾನು ಓದಿದ್ದು ವಾಣಿಜ್ಯ ಶಾಸ್ತ್ರ. ಮಂಗಗಳ ವಿಷಯದಲ್ಲಿ ಅಪ್ಪಯ್ಯನಿಗೆ ಏನು ಹೇಳಬೇಕು? ಶರೀರದಲ್ಲಿ ಕಾಣುವ ಇಂಥ ಕೊರತೆಗಳು ನಿಜವಾಗಿಯೂ ಜೀವವಿಕಾಸಕ್ಕೆ ಪುರಾವೆಯೋ, ಅಥವಾ ಮಗಳು ಮಾತಿಗೆ ಮಾತು ಬೆಳೆಸುತ್ತಿದ್ದಾಳೋ? ಬೆಳಗ್ಗೆ ಎದ್ದು ತುಳಸಿಗೆ ನೀರು ಹಾಕದೆ ಕಾಫಿ ಮುಟ್ಟದ ಮನುಷ್ಯ ನನ್ನ ಅಪ್ಪಯ್ಯ. ಅವರ ಮನಸ್ಸಿಗೆ ನೋವಾಗದ, ಮಗಳಿಗೂ ಸುಳ್ಳು ಹೇಳದ ಉತ್ತರ ನನಗೆ ಬೇಕು.

ಉತ್ತರ: ನಿವೃತ್ತ ಪಶುವೈದ್ಯ, ಸಾಗರ

ನಿಮ್ಮ ಅಪ್ಪಯ್ಯನವರ ಪ್ರಶ್ನೆಯನ್ನು ನನ್ನ ಮನೆಯವರಿಗೂ ಓದಿ ಹೇಳಿದೆ. ಎಲ್ಲರೂ ಮನಸಾರೆ ನಕ್ಕೆವು, ಆಮೇಲೆ ಅದು ಒಳ್ಳೆಯ ಪ್ರಶ್ನೆ ಎಂದೂ ಒಪ್ಪಿಕೊಂಡೆವು. ಅದರೊಳಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದು ಅವರೊಬ್ಬರದಲ್ಲ. ಇವತ್ತಿನ ಮಂಗನಿಂದ ಮನುಷ್ಯ ಬಂದ ಎಂದು ಜೀವವಿಕಾಸ ಹೇಳುವುದಿಲ್ಲ. ಮಂಗ ನಮಗೆ ಅಜ್ಜನಲ್ಲ, ದಾಯಾದಿ. ನಿಮ್ಮ ತೋಟಕ್ಕೆ ಬರುವ ಮಂಗನ ವಂಶವೂ ನಮ್ಮ ವಂಶವೂ ಸುಮಾರು 2.5ರಿಂದ 3 ಕೋಟಿ ವರ್ಷಗಳ ಹಿಂದೆ ಒಂದೇ ಮೂಲಮನೆಯಿಂದ ಹಿಸ್ಸೆಯಾಗಿ ಹೊರಟವು. ಚಿಂಪಾಂಜಿಯಿಂದ ನಾವು ಬೇರೆಯಾದದ್ದು ಅದಕ್ಕಿಂತ ಬಹಳ ಈಚೆಗೆ, ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ. ಆ ಮೂಲಮನೆಯಲ್ಲಿದ್ದ ಜೀವಿ ಇವತ್ತಿನ ಮಂಗವೂ ಅಲ್ಲ, ಮನುಷ್ಯನೂ ಅಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ನನ್ನ ತಾಯಿಯ ಕಡೆಯ ಒಂದೇ ಕುಟುಂಬ ಎರಡಾಯಿತು. ಒಂದು ಕವಲು ಶಿವಮೊಗ್ಗದ ಬಯಲಿಗೆ ಹೋಯಿತು, ಇನ್ನೊಂದು ಹಿನ್ನೀರಿನ ಆಚೆಯ ಕಾಡಿನಲ್ಲೇ ಉಳಿಯಿತು. ಆರು ದಶಕಗಳಲ್ಲಿ ಆ ಎರಡು ಮನೆಗಳ ಬೆಳೆ, ಊಟ, ಮಾತಿನ ಧಾಟಿ ಎಲ್ಲವೂ ಬೇರೆಯಾಗಿವೆ. ಹಿನ್ನೀರಿನ ಆಚೆಯವರು ಇಷ್ಟು ವರ್ಷವಾದರೂ ಏಕೆ ಶಿವಮೊಗ್ಗದವರಾಗಿಲ್ಲ ಎಂದು ಯಾರೂ ಕೇಳುವುದಿಲ್ಲ. ಅವರು ತಮ್ಮ ಜಾಗಕ್ಕೆ ಬೇಕಾದ ಹಾಗೆ ಬದುಕಿದ್ದಾರೆ. ಮಂಗವೂ ಹಾಗೆಯೇ. ಅದು ಮನುಷ್ಯನಾಗುವ ದಾರಿಯಲ್ಲಿ ಎಡವಿ ನಿಂತಿಲ್ಲ. ಮಂಗನಾಗಿ ಬದುಕುವುದನ್ನು ಚೆನ್ನಾಗಿ ಕಲಿತಿದೆ. ನಿಮ್ಮ ಬಾಳೆಗೊನೆಯೇ ಅದಕ್ಕೆ ಸಾಕ್ಷಿ.

ಇನ್ನು ಮಗಳ ಪ್ರಶ್ನೆ. ಅದು ಮಾತಿಗೆ ಮಾತಲ್ಲ. ನಾನು ಸೇವೆಯಲ್ಲಿದ್ದಾಗ ಸತ್ತ ದನಗಳ ಮರಣೋತ್ತರ ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ದನದ ಕುತ್ತಿಗೆಯನ್ನು ಬಿಡಿಸಿದಾಗ ಶ್ವಾಸನಾಳದ ಪಕ್ಕದಲ್ಲಿ ಬಿಳಿಯ ದಾರದಂಥ ಒಂದು ನರ ಕಾಣುತ್ತದೆ. ಧ್ವನಿಪೆಟ್ಟಿಗೆಯನ್ನು ಆಡಿಸುವ ನರ ಅದು. ಮಿದುಳಿನಿಂದ ಧ್ವನಿಪೆಟ್ಟಿಗೆಗೆ ಇರುವ ದೂರ ಒಂದು ಗೇಣಿನ ಆಸುಪಾಸು. ಆದರೆ ಎಡಭಾಗದ ನರ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದು, ಅಲ್ಲಿ ನಿಲ್ಲದೆ, ಇಡೀ ಕುತ್ತಿಗೆ ಇಳಿದು ಎದೆಗೂಡಿನೊಳಗೆ ಹೋಗಿ, ಹೃದಯದಿಂದ ಹೊರಡುವ ಮಹಾಧಮನಿಯನ್ನು ಕೆಳಗಿನಿಂದ ಬಳಸಿ, ಬಂದ ದಾರಿಯಲ್ಲೇ ಮತ್ತೆ ಮೇಲೇರಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಜಗಲಿಯ ದೀಪಕ್ಕೆ ಬಾಗಿಲ ಪಕ್ಕದ ಸ್ವಿಚ್ಚಿನಿಂದ ತಂತಿ ಎಳೆಯಬೇಕಾದವನು ಅದನ್ನು ತೋಟದ ಕೆಳಗಿನ ಪಂಪಿನ ಮನೆಗೆ ಒಯ್ದು, ಪಂಪಿಗೆ ಒಂದು ಸುತ್ತು ಹಾಕಿ ವಾಪಸು ತಂದ ಹಾಗೆ. ನಮ್ಮ ನಿಮ್ಮ ಕುತ್ತಿಗೆಯಲ್ಲೂ ಇದೇ ದಾರಿ. ಜಿರಾಫೆಯಲ್ಲಿ ಈ ಸುತ್ತು ನಾಲ್ಕು ಮೀಟರಿಗೂ ಹೆಚ್ಚು.

ಕಾರಣವನ್ನು ಮೀನಿನಲ್ಲಿ ನೋಡಬೇಕು. ಮೀನಿಗೆ ಕುತ್ತಿಗೆ ಇಲ್ಲ. ಹೃದಯ ಕಿವಿರಿನ ಹತ್ತಿರವೇ ಇದೆ, ನಮ್ಮ ಈ ನರಕ್ಕೆ ಸಮನಾದ ಮೀನಿನ ನರ ಕಿವಿರಿನ ರಕ್ತನಾಳದ ಹಿಂಬದಿಯಿಂದ ನೇರವಾಗಿ ಹೋಗುತ್ತದೆ. ಅಲ್ಲಿ ಅದೇ ಹತ್ತಿರದ ದಾರಿ. ಅಂಥ ಪೂರ್ವಜರ ಸಂತತಿಯಲ್ಲಿ ಕುತ್ತಿಗೆ ಉದ್ದವಾಗುತ್ತ ಹೃದಯ ಕೆಳಗಿಳಿದಂತೆ, ರಕ್ತನಾಳದ ಹಿಂದೆ ಸಿಕ್ಕಿಕೊಂಡ ನರ ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪವೇ ಉದ್ದವಾಯಿತು. ಕತ್ತರಿಸಿ ಹೊಸದಾಗಿ ಜೋಡಿಸುವ ಅವಕಾಶ ಯಾವ ಹಂತದಲ್ಲೂ ಇರಲಿಲ್ಲ. ಈ ಸುತ್ತಿಗೆ ಬೆಲೆ ತೆರುವ ಪ್ರಾಣಿಗಳೂ ಇವೆ: ಎತ್ತರದ ಕುದುರೆಗಳಲ್ಲಿ ಎಡಭಾಗದ ಈ ಉದ್ದ ನರವೇ ಸೋತು, ಓಡುವಾಗ ಗಂಟಲಿನಿಂದ ಗೊರಗೊರ ಶಬ್ದ ಬರುವ ಕಾಯಿಲೆ ಬರುತ್ತದೆ.

ಕಾಡಂಚಿನವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಸಂಗತಿ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ವೈರಾಣು ಉಣುಗಿನ ಕಡಿತದಿಂದ ಬರುತ್ತದೆ. ಅದೇ ಉಣುಗು ನಿಮ್ಮ ಹಸುವನ್ನೂ ಕಚ್ಚುತ್ತದೆ. ಹಸು ಕಾಯಿಲೆ ಬೀಳುವುದಿಲ್ಲ. ಮಂಗ, ಮುಸಿಯ ಸಾಯುತ್ತವೆ, ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಇದೊಂದನ್ನೇ ಪುರಾವೆ ಎಂದು ನಾನು ಹೇಳಲಾರೆ, ಏಕೆಂದರೆ ಬಂಧುತ್ವ ನೋಡದೆ ಹರಡುವ ರೋಗಗಳೂ ಇವೆ. ಆದರೆ ಕಾಡಿನಲ್ಲಿ ಮಂಗ ಸತ್ತುಬಿದ್ದ ಸುದ್ದಿ ಬಂದಾಗ ಆರೋಗ್ಯ ಇಲಾಖೆಯವರು ಓಡಿ ಬರುವುದನ್ನು ಕಂಡಾಗಲೆಲ್ಲ, ಸೂತಕ ನಮಗೂ ತಟ್ಟುವಷ್ಟು ಹತ್ತಿರದ ಸಂಬಂಧ ಇದು ಎಂದು ನನಗೆ ಅನ್ನಿಸಿದೆ.

ಉತ್ತರ: ಅರ್ಚಕ, ಕೊಪ್ಪ

ಡಾಕ್ಟರು ಬರೆದ ದಾಯಾದಿಯ ಮಾತು ನನಗೆ ಇಷ್ಟವಾಯಿತು. ನಾನು ದೇವಸ್ಥಾನದಲ್ಲಿ ಪೂಜೆ ಮಾಡುವವನು, ಸಂಸ್ಕೃತ ಓದಿದವನು. ಈ ವಿಷಯದಲ್ಲಿ ನಮ್ಮವರು ಎರಡು ಬಗೆಯಲ್ಲಿ ಅವಸರ ಮಾಡುತ್ತಾರೆ ಎಂಬುದು ನನ್ನ ಬೇಸರ.

ಕೆಲವರು ಪಶ್ಚಿಮದ ಜಗಳವನ್ನು ಹಾಗೆಯೇ ಇಲ್ಲಿಗೆ ತರುತ್ತಾರೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಹದಿನೇಳನೆಯ ಶತಮಾನದಲ್ಲಿ ಬೈಬಲ್ಲಿನ ವಂಶಾವಳಿಗಳನ್ನು ಲೆಕ್ಕ ಹಾಕಿ ಸೃಷ್ಟಿ ಕ್ರಿಸ್ತಪೂರ್ವ 4004ರಲ್ಲಿ ಆಯಿತೆಂದರು; ಭೂಮಿ ಹಳೆಯದೆಂದು ಹೇಳುವ ವಿಜ್ಞಾನಕ್ಕೂ ಆ ನಂಬಿಕೆಗೂ ತಿಕ್ಕಾಟವಾದದ್ದು ಸಹಜ. ನಮ್ಮ ಪುರಾಣಗಳ ಒಂದು ಕಲ್ಪವೇ 432 ಕೋಟಿ ವರ್ಷ. ದೀರ್ಘ ಕಾಲವನ್ನು ಕಂಡು ಹೆದರಬೇಕಾದ ಅಗತ್ಯ ನಿಮ್ಮ ಅಪ್ಪಯ್ಯನವರಿಗೆ ಇಲ್ಲ.

ಇನ್ನು ಕೆಲವರು ಮತ್ಸ್ಯ, ಕೂರ್ಮ, ವರಾಹ ಎಂದು ಎಣಿಸಿ, ದಶಾವತಾರವೇ ಜೀವವಿಕಾಸ, ಡಾರ್ವಿನ್ ಹೇಳುವ ಮೊದಲೇ ನಾವು ಹೇಳಿದ್ದೆವು ಎನ್ನುತ್ತಾರೆ. ಹೋಲಿಕೆಯಾಗಿ ಅದು ಚೆನ್ನಾಗಿದೆ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರೂ ಅದನ್ನು ಗಮನಿಸಿದ್ದರು. ಆದರೆ ಅವತಾರ ಧರ್ಮರಕ್ಷಣೆಗೆ ಭಗವಂತ ಇಳಿದು ಬರುವ ಕಥೆ. ಮತ್ಸ್ಯ ಬಂದದ್ದು ವೇದಗಳನ್ನೂ ಮನುವನ್ನೂ ಕಾಪಾಡಲು, ಕಪ್ಪೆಗೆ ಪೂರ್ವಜನಾಗಲು ಅಲ್ಲ. ಭಕ್ತಿಯಿಂದ ಓದಬೇಕಾದದ್ದನ್ನು ಪಠ್ಯಪುಸ್ತಕದ ಅಡಿಟಿಪ್ಪಣಿ ಮಾಡಿದರೆ ಎರಡಕ್ಕೂ ಅನ್ಯಾಯ.

ಇಷ್ಟು ಹೇಳಿ ನನ್ನ ಸಂದೇಹವನ್ನೂ ಕೇಳುತ್ತೇನೆ. ಒಂದು ಅಂಗ ಏಕಿದೆ ಎಂದು ತಿಳಿಯದಿದ್ದಾಗ ಅದನ್ನು ತಪ್ಪು, ವ್ಯರ್ಥ ಎನ್ನುವುದು ದುಡುಕಲ್ಲವೇ? ಅಪೆಂಡಿಕ್ಸನ್ನು ವ್ಯರ್ಥ ಅಂಗ ಎಂದು ನಾವು ಶಾಲೆಯಲ್ಲಿ ಓದಿದೆವು. ಈಗ ಅದಕ್ಕೂ ರೋಗನಿರೋಧದಲ್ಲಿ ಪಾಲಿದೆ ಎನ್ನುತ್ತಾರೆ. ಎರಡನೆಯದಾಗಿ, ಕಣ್ಣಿನಂಥದ್ದು ಅರ್ಧ ಮಾತ್ರ ಇದ್ದರೆ ಏನು ಪ್ರಯೋಜನ? ಪೂರ್ತಿಯಾಗುವ ತನಕ ಅದು ಉಳಿದು ಬಂದದ್ದು ಹೇಗೆ?

ಉತ್ತರ: ಜೀವಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ಭಟ್ಟರ ಮೊದಲ ಸಂದೇಹ ಸರಿಯಾದದ್ದು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಪೆಂಡಿಕ್ಸನ್ನು ಕೆಲಸವಿಲ್ಲದ ಅಂಗವೆಂದು ಕಲಿಸುವುದನ್ನು ನಾನೂ ಬಿಟ್ಟಿದ್ದೇನೆ. ವ್ಯರ್ಥವೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ತಪ್ಪುಗಳು ಯಾರ್ಯಾರಲ್ಲಿ ಹಂಚಿಕೆಯಾಗಿವೆ ಎಂಬುದು ಮುಖ್ಯ. ಸಂಸ್ಕೃತ ಓದಿದ ಭಟ್ಟರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವಂಥ ತಾಳೆಗರಿಯ ಪ್ರತಿಗಳನ್ನು ಸಂಪಾದಿಸುವವರು ಯಾವ ಪ್ರತಿಯನ್ನು ಯಾವುದರಿಂದ ನಕಲು ಮಾಡಿದರೆಂದು ಹೇಗೆ ಕಂಡುಹಿಡಿಯುತ್ತಾರೆ? ಸರಿಯಾದ ಪಾಠ ಎಲ್ಲ ಪ್ರತಿಗಳಲ್ಲೂ ಒಂದೇ ಆಗಿರುವುದರಿಂದ ಅದು ಏನನ್ನೂ ಹೇಳುವುದಿಲ್ಲ. ಎರಡು ಪ್ರತಿಗಳಲ್ಲಿ ಅದೇ ಸಾಲಿನಲ್ಲಿ ಅದೇ ಅಕ್ಷರ ಬಿಟ್ಟುಹೋಗಿದ್ದರೆ, ಅವೆರಡೂ ಆ ಅಕ್ಷರ ಬಿಟ್ಟ ಒಂದೇ ಮಾತೃಕೆಯಿಂದ ಇಳಿದವು ಎಂದು ತೀರ್ಮಾನಿಸುತ್ತಾರೆ.

ನಮ್ಮ ಶರೀರದಲ್ಲಿ ಅಂಥ ಒಂದು ಲಿಪಿಕಾರನ ದೋಷ ಇದೆ. ಹಸು, ನಾಯಿ, ಬೆಕ್ಕು ಸಿ ಜೀವಸತ್ವವನ್ನು ತಮ್ಮ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗದು, ನೆಲ್ಲಿಕಾಯಿ, ಲಿಂಬೆ, ಪೇರಳೆ ತಿನ್ನಬೇಕು, ಇಲ್ಲದಿದ್ದರೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ಆದ ಹಾಗೆ ಒಸಡಿನಲ್ಲಿ ರಕ್ತ ಬಂದು ಸ್ಕರ್ವಿ ಆಗುತ್ತದೆ. ಆ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಜೀನ್ ನಮ್ಮಲ್ಲಿ ಇಲ್ಲವೆಂದಲ್ಲ. ಇದೆ, ಆದರೆ ಕೆಟ್ಟಿದೆ. ಮಂಗ, ಮುಸಿಯ, ಚಿಂಪಾಂಜಿಗಳಲ್ಲೂ ಅದೇ ಜೀನ್ ಕೆಟ್ಟಿದೆ. ನಮ್ಮ ಕಾಡಿನ ಕಾಡುಪಾಪವೂ ಇದೇ ದೊಡ್ಡ ಬಳಗಕ್ಕೆ ಸೇರಿದರೂ ಇನ್ನೂ ಮೊದಲೇ ಕವಲೊಡೆದು ಹೋದದ್ದು. ಅದರ ಬಳಗದಲ್ಲಿ ಈ ಜೀನ್ ಸರಿಯಾಗಿದೆ. ಗಿನಿ ಇಲಿಯಲ್ಲಿಯೂ ಕೆಟ್ಟಿದೆ, ಆದರೆ ಕೆಟ್ಟ ಬಗೆಯೇ ಬೇರೆ, ಅದು ಬೇರೆ ಲಿಪಿಕಾರನ ದೋಷ. ಪ್ರತಿಯೊಂದು ಪ್ರಾಣಿಯನ್ನೂ ಬೇರೆ ಬೇರೆಯಾಗಿ ಮಾಡಿದ್ದರೆ ಬಿಟ್ಟುಹೋದ ಅಕ್ಷರಗಳು ಹೀಗೆ ವಂಶದ ಕವಲುಗಳನ್ನು ಹಿಡಿದು ಸಾಲಾಗಿ ನಿಲ್ಲಬೇಕಾಗಿರಲಿಲ್ಲ.

ಕಣ್ಣಿನ ವಿಷಯ ಮನೆಯಲ್ಲೇ ಮಾಡಿ ನೋಡುವಂಥದ್ದು. ಬಿಳಿ ಹಾಳೆಯ ಮೇಲೆ ಎಡಗಡೆ ಒಂದು ಕೂಡುವ ಚಿಹ್ನೆ ಬರೆದು, ಅದರ ಬಲಕ್ಕೆ ಎಂಟು ಸೆಂಟಿಮೀಟರ್ ದೂರದಲ್ಲಿ ಒಂದು ಕಾಳುಮೆಣಸನ್ನು ಅಂಟಿಸಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತ ಹಾಳೆಯನ್ನು ಮೆಲ್ಲಗೆ ಹತ್ತಿರ ತನ್ನಿ. ಸುಮಾರು ಮೂವತ್ತು ಸೆಂಟಿಮೀಟರಿಗೆ ಬಂದಾಗ ಕಾಳುಮೆಣಸು ಮಾಯವಾಗುತ್ತದೆ, ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ. ನಮ್ಮ ಅಕ್ಷಿಪಟದ ನರತಂತುಗಳು ಬೆಳಕು ಬರುವ ಮುಂಬದಿಯಲ್ಲಿ ಹರಡಿವೆ. ಅವೆಲ್ಲ ಒಂದಾಗಿ ಮಿದುಳಿಗೆ ಹೋಗಲು ಪಟವನ್ನೇ ತೂತು ಮಾಡಿ ಹಿಂದಕ್ಕೆ ದಾಟಬೇಕು. ಆ ತೂತಿನ ಮೇಲೆ ಬಿದ್ದದ್ದು ಕಾಣದು. ಕರಾವಳಿಯಿಂದ ಶಿವಮೊಗ್ಗದ ಮೀನು ಮಾರುಕಟ್ಟೆಗೆ ಬರುವ ಬೊಂಡಾಸಿನ (ಸ್ಕ್ವಿಡ್) ಕಣ್ಣಿನಲ್ಲಿ ನರಗಳು ಹಿಂಬದಿಯಿಂದಲೇ ಹೊರಡುತ್ತವೆ. ಅದಕ್ಕೆ ಈ ಕುರುಡು ಚುಕ್ಕೆ ಇಲ್ಲ. ಹಾಗೆಂದು ನಮ್ಮ ಕಣ್ಣು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ವಂಶಗಳು ಬೇರೆ ಬೇರೆ ಜಾಗದಿಂದ ಹೊರಟು ಎರಡು ಬಾರಿ ಕಣ್ಣನ್ನು ಕಟ್ಟಿಕೊಂಡವು, ಹೊರಟ ಜಾಗದ ಗುರುತು ಎರಡರಲ್ಲೂ ಉಳಿಯಿತು.

ಅರ್ಧ ಕಣ್ಣಿನ ಪ್ರಯೋಜನವನ್ನು ಕೇಳಿದಿರಿ. ಬೆಳಕು ಯಾವುದು ಕತ್ತಲೆ ಯಾವುದು ಎಂದು ಮಾತ್ರ ತಿಳಿಯುವ ಚುಕ್ಕೆ, ಬೆಳಕು ಯಾವ ಕಡೆಯಿಂದ ಬಂತೆಂದು ಹೇಳುವ ಬಟ್ಟಲಿನಂಥ ಕಣ್ಣು, ಮಸೂರವೇ ಇಲ್ಲದೆ ಸೂಜಿರಂಧ್ರದಿಂದ ನೋಡುವ ನಾಟಿಲಸ್ ಪ್ರಾಣಿಯ ಕಣ್ಣು, ಇವೆಲ್ಲ ಇವತ್ತಿಗೂ ಬದುಕಿರುವ ಪ್ರಾಣಿಗಳಲ್ಲಿವೆ. ಪೊರೆ ಬಂದ ಕಣ್ಣಿನಿಂದಲೇ ದಿನ ಕಳೆಯುವ ಹಿರಿಯರನ್ನು ಕೇಳಿ ನೋಡಿ: ಮಬ್ಬಾಗಿ ಕಾಣುವುದಕ್ಕೂ ಏನೂ ಕಾಣದಿರುವುದಕ್ಕೂ ಎಷ್ಟು ವ್ಯತ್ಯಾಸ! ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 1994ರಲ್ಲಿ ಲೆಕ್ಕ ಹಾಕಿ, ಚಪ್ಪಟೆಯಾದ ಬೆಳಕಿನ ಚುಕ್ಕೆಯಿಂದ ಮೀನಿನಂಥ ಕಣ್ಣು ಆಗಲು ನಾಲ್ಕು ಲಕ್ಷ ತಲೆಮಾರು ಸಾಕೆಂದು ತೋರಿಸಿದರು.

ಅಪ್ಪಯ್ಯನವರ "ಕಟ್ಟಿದವನಿಲ್ಲದೆ ಮನೆ ನಿಲ್ಲದು" ಎಂಬ ಮಾತು ಬಹಳ ಗೌರವಾನ್ವಿತ ವಾದ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಗಡಿಯಾರದ ಉದಾಹರಣೆ ಕೊಟ್ಟು ಇದನ್ನೇ ಹೇಳಿದರು, ಮತ್ತು ತರುಣ ಡಾರ್ವಿನ್ ಅವರ ಬರಹವನ್ನು ಮೆಚ್ಚಿ ಓದಿದ್ದರು. ಆದರೆ ಮಲೆನಾಡಿನ ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ನಾಲ್ಕು ತಲೆಮಾರು ವಾಸವಿದ್ದ ಮನೆಯಲ್ಲಿ ಒಬ್ಬರು ನಡುಮನೆ ಹೆಚ್ಚಿಸಿದರು, ಒಬ್ಬರು ಬಚ್ಚಲನ್ನು ಒಳಗೆ ತಂದರು, ಒಬ್ಬರು ಅಡುಗೆಮನೆಯನ್ನು ಪಕ್ಕಕ್ಕೆ ಸರಿಸಿದರು. ಹೊಗೆ ಹೋಗುತ್ತಿದ್ದ ಕಿಂಡಿ ಈಗ ಮಲಗುವ ಕೋಣೆಯಲ್ಲಿದೆ, ಮೆಟ್ಟಿಲು ಅರ್ಧಕ್ಕೆ ತಿರುಗುತ್ತದೆ, ಒಂದು ಬಾಗಿಲು ಗೋಡೆಗೆ ತೆರೆಯುತ್ತದೆ. ಯಾವ ದಿನವೂ ಮನೆಯವರು ಹೊರಗೆ ಹೋಗಿ ನಿಂತು ಹೊಸದಾಗಿ ಕಟ್ಟಲಿಲ್ಲ, ಒಲೆ ಒಂದು ಹೊತ್ತೂ ಆರಲಿಲ್ಲ. ಶರೀರವೂ ಹಾಗೆ ವಾಸವಿದ್ದುಕೊಂಡೇ ರಿಪೇರಿಯಾದ ಮನೆ. ನಾಲ್ಕು ಕಾಲಿನ ಮೇಲೆ ಅಡ್ಡಲಾಗಿದ್ದ ಬೆನ್ನುಮೂಳೆಯನ್ನು ಕಂಬದಂತೆ ನಿಲ್ಲಿಸಿದ್ದಕ್ಕೆ ಸೊಂಟ ಬೆಲೆ ಕೊಡುತ್ತದೆ, ಮೆದುವಾದ ಬೇಯಿಸಿದ ಊಟದಿಂದ ಗಿಡ್ಡವಾದ ದವಡೆಯಲ್ಲಿ ಬುದ್ಧಿಹಲ್ಲಿಗೆ ಜಾಗ ಸಾಲದು. ಗೊಬ್ಬರದ ಹೊರೆಯೂ ಸೇರಿರಬಹುದು; ಅಪ್ಪಯ್ಯನವರ ಮಾತೂ ಸುಳ್ಳಲ್ಲ.

ಉತ್ತರ: ತೋಟಗಾರ, ಹೊಸನಗರ

ಕೋಟಿ ವರ್ಷದ ಮಾತು ಹಿರಿಯರಿಗೆ ದೂರವಾಯಿತು ಎನ್ನಿಸಿದರೆ ಔಷಧಿ ಸಿಂಪಡಿಸುವ ಲೆಕ್ಕದಿಂದ ಹೇಳಿ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ನಮ್ಮ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಅದನ್ನೇ ಸಿಂಪಡಿಸಲು ಹೇಳಿದರು. ಇವತ್ತಿಗೂ ನಾವು ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿ ಹೊಡೆಯುತ್ತಿದ್ದೇವೆ, ಅದು ಇನ್ನೂ ಕೆಲಸ ಮಾಡುತ್ತಿದೆ. ಅದೇ ಮೆಟಲಾಕ್ಸಿಲ್ ಎಂಬ ಹೊಸ ಔಷಧಿ 1970ರ ದಶಕದ ಕೊನೆಗೆ ಯೂರೋಪಿನಲ್ಲಿ ಬಂದಾಗ, ನಮ್ಮ ಕೊಳೆರೋಗದ ಹತ್ತಿರದ ಸಂಬಂಧಿಯಾದ ಆಲೂಗೆಡ್ಡೆಯ ಅಂಗಮಾರಿ ರೋಗಾಣು 1980ರ ಹೊತ್ತಿಗೇ ಅದಕ್ಕೆ ಬಗ್ಗದಂತಾಯಿತು.

ಮೈಲುತುತ್ತದಲ್ಲಿರುವ ತಾಮ್ರ ರೋಗಾಣುವಿನ ಒಳಗೆ ಹತ್ತು ಕಡೆ ಹೊಡೆಯುತ್ತದೆ; ಒಂದು ಸಣ್ಣ ಬದಲಾವಣೆಯಿಂದ ತಪ್ಪಿಸಿಕೊಳ್ಳಲಾಗದು. ಮೆಟಲಾಕ್ಸಿಲ್ ಹೊಡೆಯುವುದು ಒಂದೇ ಕಡೆ. ಕೋಟಿಗಟ್ಟಲೆ ಬೀಜಕಗಳಲ್ಲಿ ಆ ಒಂದು ಜಾಗ ಆಕಸ್ಮಿಕವಾಗಿ ಬೇರೆಯಾಗಿದ್ದ ಒಂದೆರಡು ಉಳಿದವು, ಅವುಗಳ ಸಂತತಿಯೇ ಹೊಲ ತುಂಬಿತು. ರೋಗಾಣು ಯೋಚನೆ ಮಾಡಲಿಲ್ಲ, ಯಾರೂ ಅದಕ್ಕೆ ಕಲಿಸಲಿಲ್ಲ. ನೈಸರ್ಗಿಕ ಆಯ್ಕೆ ಎಂದರೆ ಇಷ್ಟೇ. ಪ್ರತಿ ವರ್ಷ ಒಳ್ಳೆಯ ಮರದ ಗೋಟು, ಅಂದರೆ ಮಾಗಿದ ಅಡಿಕೆ, ಆರಿಸಿ ಸಸಿ ಮಾಡುವ ನಾವು ಇದನ್ನೇ ಕಣ್ಣು ಬಿಟ್ಟು ಮಾಡುತ್ತೇವೆ.

ಉತ್ತರ: ಹಾವು ನೋಡುವ ಹುಡುಗ, ಆಗುಂಬೆ

ಎರಡೇ ಸಂಗತಿ ಸೇರಿಸುತ್ತೇನೆ. ಹೆಬ್ಬಾವು ಸಿಕ್ಕಾಗ ಹಿಡಿಯುವವರ ಹತ್ತಿರ ಅದರ ಬಾಲದ ಬುಡವನ್ನು ತೋರಿಸಲು ಕೇಳಿ. ಗುದದ್ವಾರದ ಎರಡೂ ಬದಿಯಲ್ಲಿ ಒಂದೊಂದು ಸಣ್ಣ ಉಗುರು ಇರುತ್ತದೆ, ಗಂಡಿನಲ್ಲಿ ದೊಡ್ಡದು. ಒಳಗೆ ಸೊಂಟದ ಮೂಳೆಯ ಚೂರೂ ಇದೆ. ಕಾಲಿದ್ದ ಪೂರ್ವಜರ ಹಿಂಗಾಲು ಅದು. ಈಗ ಮಿಲನದ ಸಮಯದಲ್ಲಿ ಹೆಣ್ಣನ್ನು ಸವರಲು ಗಂಡು ಅದನ್ನು ಬಳಸುತ್ತದೆ, ಹಾಗಾಗಿ ವ್ಯರ್ಥ ಎನ್ನಬೇಡಿ ಎಂದ ಭಟ್ಟರ ಮಾತು ಇಲ್ಲಿಗೂ ಸಲ್ಲುತ್ತದೆ. ನಾಗರಹಾವಿನಲ್ಲಿ ಅಷ್ಟೂ ಉಳಿದಿಲ್ಲ.

ಇನ್ನೊಂದು ನಮ್ಮ ಕಾಳಿಂಗದ್ದು. 1836ರಿಂದ ಕಾಳಿಂಗ ಸರ್ಪ ಒಂದೇ ಪ್ರಭೇದ ಎಂದುಕೊಂಡಿದ್ದರು. 2024ರಲ್ಲಿ ಸಂಶೋಧಕರು ಡಿಎನ್‌ಎ ಮತ್ತು ಮೈಮೇಲಿನ ಪಟ್ಟಿಗಳನ್ನು ಹೋಲಿಸಿ ಅದು ನಾಲ್ಕು ಪ್ರಭೇದ ಎಂದು ಪ್ರಕಟಿಸಿದರು. ಪಶ್ಚಿಮಘಟ್ಟದ್ದು ಉಳಿದವುಗಳಿಂದ ಬೇರೆಯಾಗಿ ತನ್ನ ದಾರಿ ಹಿಡಿದಿದೆ. ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲಿ ನಮ್ಮ ಕನ್ನಡದ ಕಾಳಿಂಗವೇ ಇದೆ: ಓಫಿಯೋಫಾಗಸ್ ಕಾಳಿಂಗ. ಡಾಕ್ಟರು ಹೇಳಿದ ಹಿನ್ನೀರಿನ ಆಚೆ ಈಚೆಯ ಕುಟುಂಬದ ಕಥೆ ಹಾವುಗಳಲ್ಲಿಯೂ ನಡೆದಿದೆ.

ಪ್ರಶ್ನೆ ಕೇಳಿದವರಿಂದ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಉತ್ತರ ಬರೆದ ಎಲ್ಲರಿಗೂ ಮನೆಯವರೆಲ್ಲರ ಪರವಾಗಿ ಧನ್ಯವಾದ. ನೀವು ಬರೆದದ್ದನ್ನು ನಿನ್ನೆ ರಾತ್ರಿ ಊಟವಾದ ಮೇಲೆ ಮಗಳು ಅಪ್ಪಯ್ಯನಿಗೆ ಪೂರ್ತಿ ಓದಿ ಹೇಳಿದಳು. ಅರ್ಚಕರ ಮಾತು ಬಂದಾಗ ಅಪ್ಪಯ್ಯ ಎರಡನೆಯ ಸಲ ಓದಿಸಿದರು. ಕಾಳುಮೆಣಸಿನ ಪ್ರಯೋಗವನ್ನು ಮನೆಯಲ್ಲಿದ್ದ ಐದೂ ಜನ ಮಾಡಿದೆವು. ಅದು ಮಾಯವಾದಾಗ ಅಪ್ಪಯ್ಯ ಹಾಳೆಯ ಹಿಂದೆ ತಿರುಗಿಸಿ ನೋಡಿದರು.

ಮಗಳು ಹಳೆಯ ಪುಸ್ತಕ ಹಿಡಿದುಕೊಂಡು ಇನ್ನೊಂದನ್ನು ಕಂಡುಹಿಡಿದಿದ್ದಳು. ಹೆಬ್ಬೆರಳು ಮತ್ತು ಕಿರುಬೆರಳಿನ ತುದಿಗಳನ್ನು ಸೇರಿಸಿ ಮಣಿಕಟ್ಟನ್ನು ಸ್ವಲ್ಪ ಒಳಗೆ ಬಾಗಿಸಿದರೆ ಮಧ್ಯದಲ್ಲಿ ಒಂದು ನರದಂಥ ಹುರಿ ಎದ್ದು ಕಾಣುತ್ತದೆ. ಅದೊಂದು ಸ್ನಾಯುವಿನ ಹುರಿ, ಮರದಲ್ಲಿ ಓಡಾಡುವ ಮಂಗಗಳಂಥ ಪ್ರಾಣಿಗಳಲ್ಲಿ ಗಟ್ಟಿಯಾಗಿರುತ್ತದೆ. ಮನುಷ್ಯರಲ್ಲಿ ಕೆಲವರಿಗೆ ಹುಟ್ಟುವಾಗಲೇ ಇರುವುದಿಲ್ಲ, ಅದರಿಂದ ಹಿಡಿತಕ್ಕೆ ಏನೂ ತೊಂದರೆಯಿಲ್ಲ. ಅಪ್ಪಯ್ಯನ ಎರಡೂ ಕೈಯಲ್ಲಿ ಹಗ್ಗದ ಹಾಗೆ ಎದ್ದು ನಿಂತಿತು. ಮಗಳ ಎಡಗೈಯಲ್ಲಿ ಇಲ್ಲವೇ ಇಲ್ಲ. ಅಪ್ಪಯ್ಯ ಬಹಳ ಹೊತ್ತು ಅವಳ ಮಣಿಕಟ್ಟನ್ನು ತಮ್ಮ ಬೆರಳಿನಿಂದ ಒತ್ತಿ ಹುಡುಕಿದರು. ಕೊನೆಗೆ, "ನನ್ನ ಅಪ್ಪ ಮರ ಹತ್ತುತ್ತಿದ್ದ, ನಾನೂ ಹತ್ತಿದೆ, ನಿನ್ನ ಅಪ್ಪ ಹತ್ತಲಿಲ್ಲ, ನಿನಗೆ ಹುರಿಯೇ ಬರಲಿಲ್ಲ ನೋಡು" ಎಂದರು. ಬಳಸದೆ ಬಿಟ್ಟದ್ದರಿಂದ ಮುಂದಿನ ತಲೆಮಾರಿಗೆ ಅಂಗ ಹೋಗುವುದಿಲ್ಲವೆಂದೂ, ಅದು ಡಾರ್ವಿನ್ನಿಗಿಂತ ಮೊದಲಿನ ಲಾಮಾರ್ಕ್ ಎಂಬುವರ ಅಭಿಪ್ರಾಯವೆಂದೂ ಅವಳು ತಿದ್ದಿದಳು. ವಾದ ಮತ್ತೆ ಅರ್ಧ ಗಂಟೆ ನಡೆಯಿತು.

ಈ ದಿನ ಬೆಳಗ್ಗೆ ಮಂಗಗಳ ಹಿಂಡು ಮತ್ತೆ ಬಂತು. ಅಪ್ಪಯ್ಯ ಅಂಗಳದಿಂದ ಮಗಳನ್ನು ಕೂಗಿ, "ಬಾ ಮಗಾ, ನಿನ್ನ ಡಾಕ್ಟರು ಹೇಳಿದ ದಾಯಾದಿಗಳು ಪಾಲು ಕೇಳಲು ಬಂದಿದ್ದಾರೆ, ಡಬ್ಬ ತಾ" ಎಂದರು. ಇಬ್ಬರೂ ಸೇರಿ ಡಬ್ಬ ಬಡಿದು ಓಡಿಸಿದರು. ಆಮೇಲೆ ತುಳಸಿಗೆ ನೀರು ಹಾಕಿ ಬಂದು ಕಾಫಿ ಕುಡಿಯುತ್ತ, ತಮ್ಮ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯಬೇಕೆಂದು ನನಗೆ ಹೇಳಿದರು: ಹಸುವಿಗೆ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲು ಬರುವುದಾದರೆ, ನಮ್ಮ ಗಿಡ್ಡ ಹಸು ಬ್ಯಾಣದಲ್ಲಿ (ಮೇಯುವ ಹುಲ್ಲುಗಾವಲಿನಲ್ಲಿ) ಉದುರಿದ ನೆಲ್ಲಿಕಾಯಿಯನ್ನು ಒಂದೂ ಬಿಡದೆ ಆರಿಸಿ ತಿನ್ನುವುದು ಏಕೆ? ಡಾಕ್ಟರು ದಯವಿಟ್ಟು ತಿಳಿಸಬೇಕು.